ಓದುಗರ ಪ್ರಶ್ನೆ, ನಮ್ಮ ಉತ್ತರ: ಅಗ್ನಿಶಾಮಕರ ಹೆಗಲ ಹೊರೆ

ಅಗ್ನಿಶಾಮಕ ಸಿಬ್ಬಂದಿ ಹೋಸ್ ಪೈಪುಗಳನ್ನೂ ಸಲಕರಣೆಗಳನ್ನೂ ಮೈಮೇಲೆ ಹೊರುವ ಬಗೆಯನ್ನು ಕುರಿತು ಈ ಬಾರಿ ಹಲವು ಪತ್ರಗಳು ಬಂದಿವೆ. ಒಂದರ ಉತ್ತರ ಇನ್ನೊಂದಕ್ಕೂ ನೆರವಾಗುವಂತಿರುವುದರಿಂದ ಇಡೀ ಅಂಕಣವನ್ನು ಅವಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಾವು ಮೆಕ್ಯಾನಿಕಲ್ ಎಂಜಿನಿಯರಿಂಗ್ ಅಂತಿಮ ವರ್ಷದ ನಾಲ್ವರು ವಿದ್ಯಾರ್ಥಿಗಳು. ಅಗ್ನಿಶಾಮಕರಿಗಾಗಿ ಒಂದು ಬೆನ್ನುಚೀಲವನ್ನು ಪ್ರಾಜೆಕ್ಟ್ ಆಗಿ ತಯಾರಿಸಬೇಕೆಂದಿದ್ದೇವೆ. 63 ಮಿ.ಮೀ. ವ್ಯಾಸದ, 15 ಮೀಟರ್ ಉದ್ದದ ಎರಡು ಹೋಸ್‌ಗಳು, ನೀರು ಚಿಮ್ಮಿಸಲು ಹೋಸಿನ ತುದಿಗೆ ಹಾಕುವ ಒಂದು ಬ್ರಾಂಚ್ ಪೈಪ್, ಕೊಡಲಿ, ಸಣ್ಣ ಹಾರೆ ಮತ್ತು ಸ್ಪ್ಯಾನರ್ ಅದರಲ್ಲಿ ಹಿಡಿಸಬೇಕು. ಚೀಲದ ಆಕಾರ ಹೇಗಿರಬೇಕು, ಎಷ್ಟು ತೂಕದವರೆಗೆ ಹೋಗಬಹುದು? — ವಿದ್ಯಾರ್ಥಿಗಳ ತಂಡ, ದಾವಣಗೆರೆ

ಉತ್ತರ: ಚೀಲದ ಆಕಾರವನ್ನು ಯೋಚಿಸುವ ಮೊದಲು ಅದನ್ನು ಹೊರಬೇಕಾದವರ ಬೆನ್ನು ಖಾಲಿ ಇದೆಯೇ ಎಂದು ನೋಡಿಕೊಳ್ಳಬೇಕು. ಹೊಗೆ ತುಂಬಿದ ಕಟ್ಟಡದೊಳಕ್ಕೆ ಹೋಗುವವರ ಬೆನ್ನ ಮೇಲೆ, ಬಿ.ಎ. ಸೆಟ್ ಎಂದು ಅವರು ಕರೆಯುವ, ಒತ್ತಿ ತುಂಬಿದ ಗಾಳಿಯ ಸಿಲಿಂಡರ್ ಇರುವ ಉಸಿರಾಟದ ಉಪಕರಣ ಮೊದಲೇ ಕುಳಿತಿರುತ್ತದೆ. ಅದರ ಪಟ್ಟಿಗಳು ಎರಡೂ ಹೆಗಲನ್ನು, ಅದರ ಬೆಲ್ಟು ಇಡೀ ಸೊಂಟವನ್ನು ಹಿಡಿದಿರುತ್ತವೆ. ಚಾರಣಿಗರ ಚೀಲದಲ್ಲಿ ಹೆಗಲ ಭಾರವನ್ನು ಸೊಂಟದ ಮೂಳೆಗೆ ಇಳಿಸುವ ಉಪಾಯ ಏನಿದೆಯೋ ಅದನ್ನು ಬಿ.ಎ. ಸೆಟ್ ಆಗಲೇ ಬಳಸಿಕೊಂಡಾಗಿದೆ. ನಿಮ್ಮ ಸಾಧನಕ್ಕೆ ಉಳಿಯುವುದು ಸಿಲಿಂಡರಿನ ಮೇಲ್ತುದಿ, ಒಂದು ಹೆಗಲಿನ ಹೊರಭಾಗ ಮತ್ತು ಕೈಗಳು ಮಾತ್ರ.

ಇನ್ನು ತೂಕದ ಲೆಕ್ಕ. ಕೋಟು, ಪ್ಯಾಂಟು, ಬೂಟು, ಹೆಲ್ಮೆಟ್ ಮತ್ತು ಬಿ.ಎ. ಸೆಟ್ ಎಲ್ಲ ಸೇರಿ ಸಾಮಾನ್ಯವಾಗಿ 20ರಿಂದ 25 ಕೆ.ಜಿ. ಆಗುತ್ತದೆ. 63 ಮಿ.ಮೀ.ನ ಒಂದು ಹೋಸ್, ತುದಿಗಳಲ್ಲಿ ಜೋಡಣೆಗೆ ಇರುವ ಕಪ್ಲಿಂಗ್‌ಗಳೂ ಸೇರಿ, ಸುಮಾರು 10 ಕೆ.ಜಿ. ಎಂದು ಹಿಡಿಯಿರಿ, ಕಪ್ಲಿಂಗ್ ಕಂಚಿನ ಬಗೆಯದಾದ ಗನ್‌ಮೆಟಲ್‌ನದೋ ಅಲ್ಯೂಮಿನಿಯಂನದೋ ಎಂಬುದರ ಮೇಲೆ ಇದು ಬದಲಾಗುವುದರಿಂದ, ನಿಮ್ಮ ಊರಿನ ಠಾಣೆಯಲ್ಲಿ ಅನುಮತಿ ಪಡೆದು ತಕ್ಕಡಿಗೆ ಹಾಕಿ ನೋಡುವುದೇ ಒಳ್ಳೆಯದು. ಎರಡು ಹೋಸ್ ಮತ್ತು ನೀವು ಹೆಸರಿಸಿದ ಸಲಕರಣೆಗಳು ಸೇರಿದರೆ 30 ಕೆ.ಜಿ.ಗೆ ಹತ್ತಿರವಾಗುತ್ತದೆ. 65 ಕೆ.ಜಿ. ತೂಕದ ಒಬ್ಬರು 50 ಕೆ.ಜಿ.ಗೂ ಹೆಚ್ಚು ಹೊತ್ತು ಹತ್ತು ಮಹಡಿ ಏರಿದ ಬಳಿಕ ಬೆಂಕಿಯೊಡನೆ ಸೆಣಸಬೇಕೆಂಬುದು ನಿಮ್ಮ ವಿನ್ಯಾಸದ ಬೇಡಿಕೆಯಾಗಿಬಿಟ್ಟಿದೆ. ಇದರ ಬೆಲೆಯನ್ನು ಗಾಳಿಯಲ್ಲಿಯೂ ಅಳೆಯಬಹುದು. 6.8 ಲೀಟರ್ ಗಾತ್ರದ ಸಿಲಿಂಡರಿಗೆ 300 ಬಾರ್ ಒತ್ತಡದಲ್ಲಿ ತುಂಬಿದಾಗ ಸುಮಾರು 2,000 ಲೀಟರ್ ಗಾಳಿ ಹಿಡಿಸುತ್ತದೆ. ನಿಮಿಷಕ್ಕೆ 40 ಲೀಟರ್ ಉಸಿರಾಡಿದರೆ ಅದು 50 ನಿಮಿಷ ಬರುತ್ತದೆ. ಭಾರ ಹೊತ್ತು ಏದುಸಿರು ಬಿಡುತ್ತ 80 ಲೀಟರ್ ಎಳೆದರೆ 25 ನಿಮಿಷಕ್ಕೆ ಮುಗಿಯುತ್ತದೆ. ಗಾಳಿ ಮುಗಿಯುತ್ತಿದೆ, ಹೊರಬನ್ನಿ ಎಂಬ ಎಚ್ಚರಿಕೆಯ ಸೀಟಿ ಸುಮಾರು 55 ಬಾರ್‌ನಲ್ಲಿಯೇ ಊದತೊಡಗುವುದರಿಂದ ಒಳಗೆ ಕೆಲಸಕ್ಕೆ ಸಿಗುವ ಹೊತ್ತು ಅದಕ್ಕಿಂತಲೂ ಕಡಿಮೆ.

ನೀರಿನ ಲೆಕ್ಕವನ್ನೂ ಮಾಡಿಕೊಳ್ಳಿ. 63 ಮಿ.ಮೀ.ನ 15 ಮೀಟರ್ ಹೋಸಿನೊಳಗೆ ಸುಮಾರು 47 ಲೀಟರ್ ನೀರು ನಿಲ್ಲುತ್ತದೆ, 38 ಮಿ.ಮೀ.ನದರಲ್ಲಿ 17 ಲೀಟರ್. ನೀರು ತುಂಬಿದ ಮೇಲೆ ಹೋಸನ್ನು ಎಳೆಯಬಹುದೇ ಹೊರತು ಹೊರಲಾಗದು. ಹಾಗಾಗಿ ನಿಮ್ಮ ಸಾಧನದ ಕೆಲಸವೆಲ್ಲ ಜಲವಾಹನದಿಂದ ಹೊರಟು, ಬೆಂಕಿ ಬಿದ್ದ ಮಹಡಿಗಿಂತ ಒಂದು ಮಹಡಿ ಕೆಳಗಿನ ಮೆಟ್ಟಿಲಂಗಳವನ್ನು (ಲ್ಯಾಂಡಿಂಗ್) ಮುಟ್ಟುವವರೆಗೆ. ಅಲ್ಲಿ ಹೋಸನ್ನು ಇಳಿಸಿ, ಕಟ್ಟಡದ ನೀರಿನ ಕೊಳವೆಗಿರುವ ದೊಡ್ಡ ನಲ್ಲಿಗೆ, ಎಂದರೆ ಹೈಡ್ರಂಟಿಗೆ ಜೋಡಿಸಿ, ನೀರು ಬಿಟ್ಟಾಗ ಅದು ಗಂಟಾಗದೆ, ಮಡಿಕೆ ಬೀಳದೆ ಬಿಚ್ಚಿಕೊಳ್ಳಬೇಕು. ನನ್ನ ಮಟ್ಟಿಗೆ ಇಡೀ ವಿನ್ಯಾಸವನ್ನು ಈ ಇಳಿಸುವ ಗಳಿಗೆಯಿಂದ ಆರಂಭಿಸಿ ಹಿಂದಕ್ಕೆ ಕಟ್ಟಿಕೊಂಡು ಬರಬೇಕು. ನೀವಾದರೋ ಹೋಸನ್ನು ಚೀಲಕ್ಕೆ ತುಂಬುವುದರಿಂದ ಆರಂಭಿಸಿದ್ದೀರಿ.

ನಮ್ಮ ಠಾಣೆಗಳಲ್ಲಿ ರೂಢಿಯಲ್ಲಿರುವ ಡಚ್ ರೋಲ್, ಎಂದರೆ ಹೋಸನ್ನು ನಡುವೆ ಮಡಚಿ ಎರಡೂ ಕಪ್ಲಿಂಗ್ ಹೊರಗುಳಿಯುವಂತೆ ಸುತ್ತುವ ಕ್ರಮ, ರಸ್ತೆಯ ಮೇಲೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ, ಏಕೆಂದರೆ ಅದನ್ನು ಉರುಳಿಸಿ ಬಿಚ್ಚಲು ಅಲ್ಲಿ ನೇರವಾದ ಜಾಗವಿರುತ್ತದೆ. ಇಕ್ಕಟ್ಟಾದ ಮೆಟ್ಟಿಲಂಗಳದಲ್ಲಿ ಆ ಜಾಗವಿರುವುದಿಲ್ಲ. ಅದಕ್ಕಾಗಿಯೇ ಎತ್ತರದ ಕಟ್ಟಡಗಳ ಕೆಲಸಕ್ಕೆ ಅಮೆರಿಕದ ಅಗ್ನಿಶಾಮಕ ದಳಗಳು ಹೋಸನ್ನು ಉದ್ದುದ್ದ ಮಡಿಕೆಗಳಾಗಿ ಜೋಡಿಸಿ ಪಟ್ಟಿಯಿಂದ ಬಿಗಿದು ಹೆಗಲ ಮೇಲೆ ಹಾಕಿಕೊಳ್ಳುವ ಕ್ರಮವನ್ನೂ, ಕ್ಲೀವ್‌ಲ್ಯಾಂಡ್ ಲೋಡ್ ಎಂಬ, ಒಂದೇ ಕಡೆ ಉಂಗುರಗಳಾಗಿ ನಿಂತು ನೀರು ತುಂಬುತ್ತಿದ್ದಂತೆ ಹಿಗ್ಗುವ ಸುರುಳಿಯನ್ನೂ ಬಳಸುತ್ತವೆ. ಎರಡರಲ್ಲಿಯೂ ಚೀಲವೇ ಇಲ್ಲ. ಎರಡು ಮೂರು ಪಟ್ಟಿಗಳಷ್ಟೇ ಇವೆ. ಜಿಪ್ ಇರುವ ಚೀಲವನ್ನು ದಪ್ಪ ಕೈಗವಸು ತೊಟ್ಟು ಕತ್ತಲಲ್ಲಿ ತೆರೆಯುವುದು ಎಷ್ಟು ಕಷ್ಟವೆಂದು ನಿಮ್ಮ ಹಾಸ್ಟೆಲ್ ಕೋಣೆಯ ದೀಪ ಆರಿಸಿ ನೋಡಿದರೆ ತಿಳಿಯುತ್ತದೆ.

ಎರಡು ಅಪಾಯಗಳನ್ನು ಹೇಳಲೇಬೇಕು. ಅಗ್ನಿಶಾಮಕರ ಕೋಟು ಶಾಖವನ್ನು ತಡೆಯುವುದು ಬಹುಪಾಲು ತನ್ನ ಪದರಗಳ ನಡುವೆ ಹಿಡಿದಿಟ್ಟ ಗಾಳಿಯಿಂದ. ಬಿಗಿಯಾದ ಪಟ್ಟಿ ಆ ಗಾಳಿಯನ್ನು ಹಿಂಡಿಬಿಡುವುದರಿಂದ, ಪಟ್ಟಿಯ ಕೆಳಗಿನ ಚರ್ಮ ಉಳಿದ ಮೈಗಿಂತ ಬೇಗ ಸುಡುತ್ತದೆ. ಬಟ್ಟೆ ಬೆವರಿನಿಂದಲೋ ನೀರಿನಿಂದಲೋ ಒದ್ದೆಯಾಗಿದ್ದರೆ ಇನ್ನೂ ಬೇಗ. ಅಮೆರಿಕದ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘದ (ಎನ್.ಎಫ್.ಪಿ.ಎ.) ಉಡುಪಿನ ಮಾನದಂಡದಲ್ಲಿ ಹೆಗಲು ಮತ್ತು ಮೊಣಕಾಲಿನ ಭಾಗಗಳನ್ನು ಒತ್ತಡದಡಿಯಲ್ಲಿ ಪ್ರತ್ಯೇಕವಾಗಿ ಪರೀಕ್ಷಿಸುವುದು ಈ ಕಾರಣಕ್ಕೆ. ನೀವು ಹೊಸದೊಂದು ಪಟ್ಟಿಯನ್ನು ಎಲ್ಲಿಯಾದರೂ ಹಾಯಿಸುವುದಾದರೆ, ಅದು ಬಿ.ಎ. ಸೆಟ್‌ನ ಪಟ್ಟಿಯ ಮೇಲೆಯೇ ಹಾಯಲಿ, ಹೊಸ ಜಾಗದಲ್ಲಿ ಕೋಟನ್ನು ಒತ್ತದಿರಲಿ.

ಎರಡನೆಯದು ಸಿಕ್ಕಿಬೀಳುವುದು. 2010ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ನಗರದ ಶರ್ಲಿ ಟವರ್ಸ್ ಎಂಬ ವಸತಿ ಕಟ್ಟಡದಲ್ಲಿ, ಪ್ಲಾಸ್ಟಿಕ್ ಕೊಳವೆಗಳು ಕರಗಿ ಮೇಲಿನಿಂದ ಜೋತುಬಿದ್ದ ವಿದ್ಯುತ್ ತಂತಿಗಳು ಅಡ್ಡಬಂದು, ಇಬ್ಬರು ಅಗ್ನಿಶಾಮಕರು ಪ್ರಾಣ ಕಳೆದುಕೊಂಡರು. ಆ ದೇಶದ ವೈರಿಂಗ್ ನಿಯಮಗಳಲ್ಲಿ ತಂತಿಗಳಿಗೆ ಬೆಂಕಿಯಲ್ಲಿ ಕಳಚದ ಆಧಾರ ಬೇಕೆಂಬ ಷರತ್ತು ಸೇರಿದ್ದು ಅದರ ಬಳಿಕ. ಫಾಲ್ಸ್ ಸೀಲಿಂಗಿನ ಮೇಲೆ ಕಂಪ್ಯೂಟರ್ ಕೇಬಲ್‌ಗಳ ಹಾಸಿಗೆಯೇ ಇರುವ ಬೆಂಗಳೂರಿನ ಕಚೇರಿಗಳನ್ನು ನೆನೆದರೆ, ನಿಮ್ಮ ಚೀಲದಿಂದ ಹೊರಕ್ಕೆ ಚಾಚುವ ಪ್ರತಿಯೊಂದು ಕೊಕ್ಕೆ, ಕುಣಿಕೆ, ನೇತಾಡುವ ಪಟ್ಟಿಯ ತುದಿ ಏಕೆ ಕೂಡದೆಂಬುದು ಸ್ಪಷ್ಟವಾಗುತ್ತದೆ.

ನನ್ನ ಸಲಹೆ: ಒಬ್ಬರಿಗೆ ಒಂದೇ ಹೋಸ್ ಎಂದು ನಿಗದಿಪಡಿಸಿ, ಅದನ್ನು ಸಿಲಿಂಡರಿನ ಮೇಲ್ತುದಿಯಿಂದ ಹೆಗಲಿನ ಮೇಲೆ ಮಡಿಕೆಯಾಗಿ ಕೂರಿಸುವ, ಒಂದೇ ಎಳೆತಕ್ಕೆ ಕಳಚುವ ಪಟ್ಟಿಗಳ ಕಟ್ಟನ್ನು ವಿನ್ಯಾಸಗೊಳಿಸಿ. ಹೆಲ್ಮೆಟ್ಟಿನ ಹಿಂಬದಿಯ ಅಂಚು ಹೋಸಿಗೆ ತಗಲಿ ತಲೆ ಎತ್ತಲಾಗದಂತೆ ಆಗಬಾರದು. ಬಾಗಿಲು ಒಡೆಯುವ ಸಲಕರಣೆಗಳು ಬಾಗಿಲಿನ ಮುಂದೆ ಥಟ್ಟನೆ ಬೇಕಾಗುವಂಥವು. ಅವು ಇನ್ನೊಬ್ಬರ ಕೈಯಲ್ಲಿರಲಿ. ಕಾಲಿಗೆ ಮಾತ್ರ ಏನನ್ನೂ ಕಟ್ಟಬೇಡಿ. ಪಾದಕ್ಕೆ ಕಟ್ಟಿದ ಒಂದು ಕಿಲೋ, ನಡೆಯುವ ವೇಗಕ್ಕೆ ತಕ್ಕಂತೆ, ಮುಂಡದ ಮೇಲಿನ ಒಂದು ಕಿಲೋಗಿಂತ ಸರಿಸುಮಾರು ನಾಲ್ಕರಿಂದ ಆರು ಪಟ್ಟು ಹೆಚ್ಚು ಶ್ರಮ ಬೇಡುತ್ತದೆಂದು 1960ರ ದಶಕದಲ್ಲಿಯೇ ಅಳೆದು ತೋರಿಸಿದ್ದಾರೆ.

ಪ್ರಶ್ನೆ: ನನ್ನದು ಶಾಲಾ ಚೀಲ ಮತ್ತು ಲಾರಿ ಟಾರ್ಪಾಲಿನ್ ಹೊಲಿಯುವ ಸಣ್ಣ ಅಂಗಡಿ. ಹೋಸ್ ಹೊರುವ ಪಟ್ಟಿ ಹೊಲಿದುಕೊಡಿ ಎಂದು ಪರಿಚಿತರೊಬ್ಬರು ಕೇಳಿದ್ದಾರೆ. ಚೀಲಗಳಿಗೆ ಬಳಸುವ ಪಟ್ಟಿ, ಪ್ಲಾಸ್ಟಿಕ್ ಬಕಲ್, ವೆಲ್ಕ್ರೋಗಳನ್ನೇ ಹಾಕಬಹುದೇ? — ಹೊಲಿಗೆ ಅಂಗಡಿಯವರು, ರಾಣೆಬೆನ್ನೂರು

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ಅಗ್ಗದ ಶಾಲಾ ಚೀಲಗಳ ಪಟ್ಟಿ ಬಹುಮಟ್ಟಿಗೆ ಪಾಲಿಪ್ರೊಪಿಲೀನ್‌ನದು. ಅದು 160 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುತ್ತದೆ. ಒಳ್ಳೆಯ ಬಕಲ್‌ಗಳನ್ನು ಮಾಡುವ ಅಸಿಟಾಲ್ ಪ್ಲಾಸ್ಟಿಕ್ ಕೂಡ ಹೆಚ್ಚುಕಡಿಮೆ ಅಷ್ಟಕ್ಕೇ, 170ರ ಸುತ್ತಮುತ್ತ, ಕರಗುವಂಥದು. ನೈಲಾನ್‌ನಲ್ಲಿ ಎರಡು ಬಗೆಗಳು ಹೆಚ್ಚು ಬಳಕೆಯಲ್ಲಿದ್ದು, ನೈಲಾನ್ 6 ಸುಮಾರು 220 ಡಿಗ್ರಿಗೂ ನೈಲಾನ್ 6,6 ಸುಮಾರು 260 ಡಿಗ್ರಿಗೂ ಕರಗುತ್ತವೆ. ಪಾಲಿಯೆಸ್ಟರ್ ಈ ಎರಡನೆಯದಕ್ಕೆ ಸಮೀಪ. ಕರಗುವುದಕ್ಕೆ ಬಹಳ ಮೊದಲೇ ಇವೆಲ್ಲ ಮೆತ್ತಗಾಗಿ ಬಲ ಕಳೆದುಕೊಳ್ಳುತ್ತವೆ ಎಂಬುದನ್ನೂ ಗಮನಿಸಿ. ಅಗ್ನಿಶಾಮಕರ ಉಡುಪಿನ ಭಾಗಗಳನ್ನು 260 ಡಿಗ್ರಿಯ ಒಲೆಯಲ್ಲಿ ಐದು ನಿಮಿಷ ಇಟ್ಟು, ಅವು ಕರಗದೆ, ತೊಟ್ಟಿಕ್ಕದೆ, ಹೊತ್ತಿಕೊಳ್ಳದೆ ಇರುವುದನ್ನು ನೋಡುವುದು ಅಂತರರಾಷ್ಟ್ರೀಯವಾಗಿ ಪರಿಚಿತವಾದ ಪರೀಕ್ಷೆ. ಆ ಅಳತೆಗೆ ಹಿಡಿದರೆ ನಿಮ್ಮ ಕಪಾಟಿನ ಸರಕೆಲ್ಲ ಸೋಲುತ್ತದೆ. ಕರಗಿದ ಪ್ಲಾಸ್ಟಿಕ್ ಚರ್ಮಕ್ಕೆ ಅಂಟಿಕೊಂಡೇ ಉಳಿಯುವುದರಿಂದ ಬರೀ ಬಿಸಿಗಾಳಿಯ ಸುಟ್ಟಗಾಯಕ್ಕಿಂತ ಅದು ಮಾಡುವ ಗಾಯ ಕೆಟ್ಟದು.

ಪ್ಯಾರಾ ಅರಾಮಿಡ್ ನಾರು, ಮಾರುಕಟ್ಟೆಯಲ್ಲಿ ಕೆವ್ಲಾರ್ ಎಂಬ ಹೆಸರಿನಿಂದ ಹೆಚ್ಚು ಪರಿಚಿತವಾದದ್ದು, ಕರಗುವುದೇ ಇಲ್ಲ. ಬಹಳ ಹೆಚ್ಚಿನ ಶಾಖದಲ್ಲಿ ನಿಧಾನವಾಗಿ ಕೆಡುತ್ತದೆ. ನೋಮೆಕ್ಸ್ ಎಂಬ ಮೆಟಾ ಅರಾಮಿಡ್ ಕೂಡ ಕರಗದೆ ಕರಕಲಾಗುತ್ತದೆ. ಇವಕ್ಕೂ ದೌರ್ಬಲ್ಯವಿದೆ: ಬಿಸಿಲು ಬಿದ್ದರೆ ಪ್ಯಾರಾ ಅರಾಮಿಡ್ ಬೇಗ ಬಲಗುಂದುತ್ತದೆ, ಆದ್ದರಿಂದ ತಯಾರಾದ ಪಟ್ಟಿಯನ್ನು ಅಂಗಡಿಯ ಮುಂದೆ ತೂಗುಹಾಕಬಾರದು. ಪಟ್ಟಿ ಅರಾಮಿಡ್‌ನದಾಗಿದ್ದು ನೂಲು ಪಾಲಿಯೆಸ್ಟರ್ ಆಗಿದ್ದರೆ ಪ್ರಯೋಜನವಿಲ್ಲ. ಹೊಲಿಗೆ ಮೊದಲು ಬಿಟ್ಟುಕೊಳ್ಳುತ್ತದೆ. ಹೀಗಾಗಿ ನೂಲೂ ಅರಾಮಿಡ್ ಆಗಲಿ, ಬಕಲ್ ಲೋಹದ್ದಾಗಲಿ, ವೆಲ್ಕ್ರೋ ಬೇಕೇಬೇಕೆಂದರೆ ಬೆಂಕಿ ನಿರೋಧಕ ಬಗೆಯದನ್ನೇ ತರಿಸಿ. ಚರ್ಮವನ್ನು ಹಳೆಯ ಕಾಲದ್ದೆಂದು ತಳ್ಳಿಹಾಕಬೇಡಿ. ಅಮೆರಿಕದ ಅನೇಕ ಅಗ್ನಿಶಾಮಕರು ಇಂದಿಗೂ ವಾಕಿಟಾಕಿಯನ್ನು ಚರ್ಮದ ಪಟ್ಟಿಯಲ್ಲಿ ಕೋಟಿನ ಕೆಳಗೆ ತೊಡುತ್ತಾರೆ, ಏಕೆಂದರೆ ಅದು ಕರಗುವುದಿಲ್ಲ. ಪದೇ ಪದೇ ನೆನೆದು ಒಣಗಿದಾಗ ಗಟ್ಟಿಯಾಗಿ ಬಿರುಕು ಬಿಡುವುದು ಅದರ ತೊಂದರೆ.

ಬೆಲೆ ಏರುತ್ತದೆ, ನಿಜ. ಆದರೆ ಆ ಪಟ್ಟಿ ಬೆಂಕಿಯ ಕೋಣೆಯೊಳಕ್ಕೇ ಹೋಗುವುದೇ, ಅಥವಾ ಜಲವಾಹನದಿಂದ ಮೆಟ್ಟಿಲಂಗಳದವರೆಗೆ ಮಾತ್ರವೇ ಎಂದು ನಿಮ್ಮ ಪರಿಚಿತರನ್ನು ಕೇಳಿ. ಅಲ್ಲಿಯೇ ಕಳಚಿ ಬಿಡುವ ಪಟ್ಟಿಯಾದರೆ ನೈಲಾನ್ 6,6 ಸಾಕು, ಮೈಮೇಲೆಯೇ ಉಳಿಯುವುದಾದರೆ ಸಾಲದು. ಬರೆದುಕೊಟ್ಟ ಉತ್ತರ ಕೈಗೆ ಬಂದ ಬಳಿಕವೇ ಹೊಲಿಗೆ ಆರಂಭಿಸಿ. ಒಳಗೆ ಮೆತ್ತೆ ತುಂಬಿ ಹೊಲಿಯುವುದನ್ನೂ ಬಿಡಿ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಅಗ್ನಿಶಾಮಕ ವೃತ್ತಿಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಮಸಿ ಮತ್ತು ಹೊಗೆಯ ರಾಸಾಯನಿಕಗಳು ಬಟ್ಟೆಗೆ ಅಂಟಿ ಠಾಣೆಗೆ, ಮನೆಗೆ ಬರುವುದು ಅದರಲ್ಲಿ ಒಂದು ಚಿಂತೆ. ತೊಳೆದು ಒಣಗಿಸಲು ಬಾರದ ಮೆತ್ತೆ ಆ ಮಸಿಯನ್ನೆಲ್ಲ ಹೀರಿಕೊಂಡು ಕೂರುತ್ತದೆ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಪ್ರತಿ ಮಹಡಿಯಲ್ಲೂ ಕೆಂಪು ಪೆಟ್ಟಿಗೆಯಲ್ಲಿ ಹೋಸ್ ಇದೆ. ಹಾಗಿರುವಾಗ ಅಗ್ನಿಶಾಮಕರು ತಮ್ಮದನ್ನು ಹೊತ್ತು ತರುವುದೇಕೆ? — ನಿವಾಸಿಗಳ ಸಂಘದ ಕಾರ್ಯದರ್ಶಿ, ಬೆಂಗಳೂರು

ಉತ್ತರ: ನಿಮ್ಮ ಪೆಟ್ಟಿಗೆಯನ್ನು ಕೊನೆಯ ಬಾರಿ ಯಾವಾಗ ತೆರೆದು ನೋಡಿದ್ದೀರಿ ಎಂಬುದೇ ಅರ್ಧ ಉತ್ತರ. ಮಡಿಕೆಯಲ್ಲಿಯೇ ವರ್ಷಗಟ್ಟಲೆ ಇದ್ದ ಹೋಸಿನ ರಬ್ಬರ್ ಆ ಮಡಿಕೆಗಳಲ್ಲಿ ಬಿರಿದಿರಬಹುದು, ಹಿತ್ತಾಳೆಯ ಬ್ರಾಂಚ್ ಪೈಪ್ ಕಳುವಾಗಿರಬಹುದು, ಕಪ್ಲಿಂಗಿನ ವಾಷರ್ ಒಣಗಿ ಉದುರಿರಬಹುದು. ತಾವೇ ಪರೀಕ್ಷಿಸಿ ಒಣಗಿಸಿ ಸುತ್ತಿಟ್ಟ ಹೋಸಿನ ಮೇಲೆ ಅಗ್ನಿಶಾಮಕರಿಗಿರುವ ನಂಬಿಕೆ ಅಪರಿಚಿತ ಪೆಟ್ಟಿಗೆಯ ಮೇಲೆ ಇರಲಾರದು. ಬೆಂಕಿ ಬಿದ್ದ ಮಹಡಿಯ ಪೆಟ್ಟಿಗೆಯ ಬಳಿಗೆ ಹೋಗುವುದೇ ಅಪಾಯವಾಗಿರುವುದರಿಂದ ಅವರು ಕೆಳ ಮಹಡಿಯ ಹೈಡ್ರಂಟಿನಿಂದ ನೀರು ಎಳೆಯುತ್ತಾರೆ, ಅದಕ್ಕೆ ಹೆಚ್ಚು ಉದ್ದ ಬೇಕಾಗುತ್ತದೆ.

ಹೋಸ್ ಒಳ್ಳೆಯದಿದ್ದರೂ ಕಟ್ಟಡದ ಕೊಳವೆ ಕೈಕೊಡಬಹುದು. 1991ರ ಫೆಬ್ರವರಿ 23ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒನ್ ಮೆರಿಡಿಯನ್ ಪ್ಲಾಜಾ ಎಂಬ 38 ಮಹಡಿಯ ಕಟ್ಟಡದ 22ನೆಯ ಮಹಡಿಯಲ್ಲಿ ಬೆಂಕಿ ಹೊತ್ತಿದಾಗ, ಒತ್ತಡ ನಿಯಂತ್ರಿಸುವ ಕವಾಟಗಳನ್ನು ಸರಿಯಾಗಿ ಹೊಂದಿಸಿರದ ಕಾರಣ ಹೋಸಿನಲ್ಲಿ ಬೇಕಾದಷ್ಟು ರಭಸದ ನೀರು ಬರಲಿಲ್ಲ. ಕೊನೆಗೆ ಐದು ಇಂಚು ವ್ಯಾಸದ ಹೋಸ್‌ಗಳನ್ನು ಮೆಟ್ಟಿಲುಗಳ ಮೂಲಕ ಕೈಯಿಂದಲೇ ಮೇಲಕ್ಕೆ ಎಳೆದೊಯ್ಯಬೇಕಾಯಿತು. ಮೂವರು ಅಗ್ನಿಶಾಮಕರು ತೀರಿಕೊಂಡರು. ಬೆಂಕಿ ನಿಂತದ್ದು 30ನೆಯ ಮಹಡಿಯಲ್ಲಿದ್ದ, ಬಿಸಿಗೆ ತಾವಾಗಿಯೇ ನೀರು ಚಿಮ್ಮುವ ಸ್ಪ್ರಿಂಕ್ಲರ್‌ಗಳಿಂದ. ನಿಮ್ಮ ಸಂಘ ಮಾಡಬಹುದಾದ ಕೆಲಸವೆಂದರೆ ವರ್ಷಕ್ಕೊಮ್ಮೆಯಾದರೂ ತೀರ ಮೇಲಿನ ಮಹಡಿಯ ಹೈಡ್ರಂಟನ್ನು ತೆರೆಸಿ ನೀರಿನ ಒತ್ತಡ ಅಳೆಸುವುದು, ಮತ್ತು ಮೆಟ್ಟಿಲಂಗಳದಲ್ಲಿ ಚಪ್ಪಲಿ ಗೂಡು, ಸೈಕಲ್ಲು, ಹೂಕುಂಡಗಳಿಲ್ಲದಂತೆ ನೋಡಿಕೊಳ್ಳುವುದು. ಹೋಸನ್ನು ಇಳಿಸಿ ಬಿಚ್ಚುವ ಜಾಗ ಅದೇ.

ಪ್ರಶ್ನೆ: ನಾಗರಹೊಳೆಯ ಅಂಚಿನಲ್ಲಿ ನಮ್ಮ ಕಾಫಿ ತೋಟವಿದೆ. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬಿದ್ದಾಗ ಅರಣ್ಯ ಇಲಾಖೆಯ ವಾಚರ್‌ಗಳು ಹಸಿ ಸೊಪ್ಪಿನಿಂದ ಬಡಿದು ಆರಿಸುವುದನ್ನು ನೋಡುತ್ತೇವೆ. ತೋಟದಲ್ಲಿ ಔಷಧಿ ಹೊಡೆಯುವ ಬೆನ್ನು ಪಂಪನ್ನೇ ಅವರಿಗೆ ಕೊಡಬಹುದಲ್ಲವೇ? — ಬೆಳೆಗಾರರು, ದಕ್ಷಿಣ ಕೊಡಗು

ಉತ್ತರ: ಕೊಡಬಹುದು, ಆದರೆ ಎಲ್ಲರಿಗೂ ಅಲ್ಲ. 16 ಲೀಟರಿನ ಪಂಪಿನಲ್ಲಿ ನೀರೇ 16 ಕೆ.ಜಿ.; ಟ್ಯಾಂಕು, ಪಟ್ಟಿಗಳೆಲ್ಲ ಸೇರಿ 20ರ ಹತ್ತಿರ ಬರುತ್ತದೆ. ಅಮೆರಿಕದ ಅರಣ್ಯ ಸೇವೆಯಲ್ಲಿಯೂ ಸುಮಾರು 19 ಲೀಟರಿನ ಬೆನ್ನು ಪಂಪುಗಳು ಬಹುಕಾಲದಿಂದ ಬಳಕೆಯಲ್ಲಿವೆ, ಮತ್ತು ಅಲ್ಲಿ ಕಠಿಣ ಕೆಲಸಕ್ಕೆ ಬರುವವರು 20 ಕೆ.ಜಿ.ಗೆ ತುಸು ಹೆಚ್ಚು ಹೊತ್ತು 4.8 ಕಿ.ಮೀ. ದೂರವನ್ನು 45 ನಿಮಿಷದೊಳಗೆ ಸಮತಟ್ಟಾದ ನೆಲದಲ್ಲಿ ನಡೆದು ತೋರಿಸಬೇಕು. ಇಳಿಜಾರಿನಲ್ಲಿ, ಲಂಟಾನ ಪೊದೆಗಳ ನಡುವೆ, ಮಧ್ಯಾಹ್ನದ ಬಿಸಿಲಲ್ಲಿ ಅದೇ ಭಾರ ಬೇರೆಯೇ ಆಗುತ್ತದೆ. ಅರ್ಧ ಖಾಲಿಯಾದ ಟ್ಯಾಂಕಿನಲ್ಲಿ ನೀರು ಅತ್ತಿತ್ತ ತುಳುಕಿ ಹೊತ್ತವರನ್ನು ಎಳೆದಾಡುವುದು ನಿಮಗೆ ತೋಟದಲ್ಲಿಯೇ ಅನುಭವವಿರಬೇಕು. ನೀರು ಕಡಿಮೆಯಾದಂತೆ ತಾನೂ ಕುಗ್ಗುವ ಮೆತ್ತನೆಯ ಚೀಲ ಇದಕ್ಕೆ ಉತ್ತಮ. ಔಷಧಿ ಹೊಡೆದ ಪಂಪನ್ನಂತೂ ಕೊಡಲೇಬೇಡಿ. ಆ ಟ್ಯಾಂಕಿನ ನೀರು ಉರಿಯ ಮೇಲೆ ಬಿದ್ದು ಆವಿಯಾದಾಗ ಅದನ್ನು ಉಸಿರಾಡುವವರು ಮುಖಕ್ಕೆ ಟವೆಲ್ಲಿಗಿಂತ ಹೆಚ್ಚೇನನ್ನೂ ಕಟ್ಟಿಕೊಂಡಿರುವುದಿಲ್ಲ.

ನಮ್ಮ ಎಲೆಯುದುರುವ ಕಾಡುಗಳಲ್ಲಿ ಬೆಂಕಿ ಹೆಚ್ಚಾಗಿ ನೆಲದ ತರಗೆಲೆ, ಒಣಹುಲ್ಲಿನಲ್ಲಿ ಹರಿಯುವಂಥದು. ಹಸಿ ಸೊಪ್ಪಿನ ಬಡಿತ, ಎಲೆ ಊದುವ ಬ್ಲೋವರ್, ಮುಂಚಿತವಾಗಿ ಸವರಿಟ್ಟ ಬೆಂಕಿ ರೇಖೆ ಇವು ಆ ಸ್ವಭಾವಕ್ಕೆ ಹೊಂದುವ ಉಪಾಯಗಳೇ, ಕೀಳೆಂದು ಎಣಿಸಬೇಕಿಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ವಾಯುಪಡೆಯ ಹೆಲಿಕಾಪ್ಟರ್‌ಗಳು ಮೇಲಿಂದ ನೀರು ಸುರಿದವು. ಹಾಗೆ ನೀರು ಸುರಿದ ಜಾಗದಲ್ಲಿಯೂ ಕೆಂಡವನ್ನು ಹುಡುಕಿ ಆರಿಸಲು ನೆಲದ ಮೇಲೆ ಜನ ನಡೆಯಲೇಬೇಕು. ಒಂದು ತಂಡದಲ್ಲಿ ಒಬ್ಬಿಬ್ಬರು ಮಾತ್ರ ನೀರು ಹೊತ್ತು ಹಿಂದೆ ಬರುತ್ತ ಉಳಿದ ಕೆಂಡಗಳನ್ನು ತಣಿಸಿದರೆ ಸಾಕು. ಮಿಕ್ಕವರಿಗೆ ನಾನು ಕೊಡಬಯಸುವುದು, ಕುಡಿಯುವ ನೀರಿನ ಎರಡು ಬಾಟಲಿ, ವಾಕಿಟಾಕಿ, ಟಾರ್ಚು, ಸುಟ್ಟಗಾಯದ ಮುಲಾಮು ಹಿಡಿಯುವ ಸೊಂಟದ ಚೀಲ. ಕತ್ತಿಯನ್ನು ಒರೆಯಲ್ಲಿ ಹಾಕಿ ಸೊಂಟದ ಹಿಂಬದಿಗೆ ಸಿಕ್ಕಿಸುವ ರೂಢಿ ಬೀಳುವಾಗ ಬೆನ್ನುಹುರಿಗೆ ಅಪಾಯವಾದ್ದರಿಂದ ಅದನ್ನು ಪಕ್ಕಕ್ಕೆ ಸರಿಸಬೇಕು. ಹೊರೆ ಇಳಿಸುವ ಇನ್ನೊಂದು ದಾರಿ ಸಲಕರಣೆಗಳ ಸಂಖ್ಯೆಯನ್ನೇ ಕಡಿಮೆ ಮಾಡುವುದು. 1910ರ ಮಹಾ ಕಾಡ್ಗಿಚ್ಚಿನ ಬಳಿಕ ಅಮೆರಿಕದ ಐಡಹೋ ರಾಜ್ಯದ ಅರಣ್ಯಾಧಿಕಾರಿ ಎಡ್ ಪುಲಾಸ್ಕಿ ಬಳಕೆಗೆ ತಂದ, ಒಂದು ಬದಿಗೆ ಕೊಡಲಿ ಇನ್ನೊಂದು ಬದಿಗೆ ಗುದ್ದಲಿ ಇರುವ ಸಲಕರಣೆ ಇಂದಿಗೂ ಅವರ ಹೆಸರಿನಲ್ಲಿಯೇ ಇದೆ. ನಮ್ಮ ಕುಲುಮೆಗಳಲ್ಲಿ ಅದನ್ನು ಮಾಡುವುದು ಕಷ್ಟವಲ್ಲ.

ಮುಖ್ಯವಾದ ಮಾತೊಂದಿದೆ. 1949ರಲ್ಲಿ ಅಮೆರಿಕದ ಮೊಂಟಾನಾ ರಾಜ್ಯದ ಮ್ಯಾನ್ ಗಲ್ಚ್ ಕಣಿವೆಯಲ್ಲಿ ಬೆಂಕಿ ಬೆನ್ನಟ್ಟಿದಾಗ ತಂಡದ ನಾಯಕ ಸಲಕರಣೆಗಳನ್ನು ಬಿಸಾಡಿ ಓಡಲು ಹೇಳಿದ್ದರು. 13 ಮಂದಿ ಸತ್ತರು. 1994ರಲ್ಲಿ ಕೊಲರಾಡೋದ ಸೌತ್ ಕ್ಯಾನ್ಯನ್‌ನಲ್ಲಿ 14 ಮಂದಿ ಸತ್ತಾಗ, ಅವರಲ್ಲಿ ಕೆಲವರು ಬೆನ್ನುಚೀಲ, ಸಲಕರಣೆಗಳನ್ನು ಬಿಡದೆಯೇ ಗುಡ್ಡ ಹತ್ತಿ ಓಡಿದ್ದು ಕಂಡುಬಂತು. ಇಲಾಖೆಯ ಸಾಮಾನು ಕಳೆದರೆ ಸಂಬಳದಿಂದ ಮುರಿದುಕೊಳ್ಳುತ್ತಾರೆಂಬ ಹೆದರಿಕೆ ದಿನಗೂಲಿಯ ವಾಚರ್ ಒಬ್ಬರಿಗೆ ಇದ್ದರೆ ಅವರೂ ಬಿಡುವುದಿಲ್ಲ. ನೀವು ಪಂಪು ಕೊಡುವುದಾದರೆ, ಅದನ್ನು ಬಿಸಾಡಿ ಬಂದರೂ ಯಾರೂ ಕೇಳುವುದಿಲ್ಲವೆಂದು ಅವರೆದುರೇ ಹೇಳಿ ಕೊಡಿ.

ಪ್ರಶ್ನೆ: ನಾನು ಮೂರು ದಶಕ ಅಗ್ನಿಶಾಮಕ ಸೇವೆಯಲ್ಲಿದ್ದು ನಿವೃತ್ತನಾದವನು. ನಾವು ಹೋಸನ್ನು ಹೆಗಲಿಗೇರಿಸಿ, ಕೊಡಲಿಯನ್ನು ಬೆಲ್ಟಿಗೆ ಸಿಕ್ಕಿಸಿ ಓಡುತ್ತಿದ್ದೆವು. ಈ ಹೊಸ ಚೀಲಗಳೆಲ್ಲ ನಿಜಕ್ಕೂ ಬೇಕೇ? ಇತ್ತೀಚೆಗೆ ಸೊಂಟಕ್ಕೆ ಕಟ್ಟುವ ಪಾರಾಗುವ ಹಗ್ಗದ ಬಗ್ಗೆಯೂ ಕೇಳಿದೆ. — ನಿವೃತ್ತ ಅಗ್ನಿಶಾಮಕರು, ಮೈಸೂರು

ಉತ್ತರ: ತಮ್ಮ ಸಂಶಯ ನ್ಯಾಯವಾದದ್ದು. ಚಿಕ್ಕಪೇಟೆ, ಬಳೇಪೇಟೆಗಳಂತಹ ಗಲ್ಲಿಗಳಲ್ಲಿ ಜಲವಾಹನ ದೂರದಲ್ಲಿಯೇ ನಿಲ್ಲಬೇಕಾಗಿ ಬಂದು ಹೋಸ್‌ಗಳನ್ನು ಹೊತ್ತು ಓಡುವಾಗ, ನನ್ನ ಅಭಿಪ್ರಾಯದಲ್ಲಿ, ಎಲ್ಲಕ್ಕಿಂತ ಉಪಯುಕ್ತವಾದ ಸಾಧನವೆಂದರೆ ತುದಿಗಳನ್ನು ಸೇರಿಸಿ ಹೊಲಿದ ಅಗಲವಾದ ಒಂದು ಪಟ್ಟಿ. ಸುರುಳಿಯ ನಡುವೆ ಅದನ್ನು ತೂರಿಸಿ ತನ್ನೊಳಗೇ ಹಾಯಿಸಿ ಎಳೆದರೆ ಬಿಗಿದುಕೊಳ್ಳುತ್ತದೆ, ಹೆಗಲಿಗೆ ತೂಗುಹಾಕಿದರೆ ಎರಡೂ ಕೈ ಬಿಡುವಾಗುತ್ತದೆ, ಇಳಿಸಿದ ಬಳಿಕ ಅದೇ ಪಟ್ಟಿಯಿಂದ ನೀರು ತುಂಬಿದ ಹೋಸನ್ನು ಮೆಟ್ಟಿಲಿನ ಕಟಕಟೆಗೆ ಕಟ್ಟಿ ಅದರ ಭಾರವನ್ನು ಕಪ್ಲಿಂಗಿನ ಮೇಲೆ ಬೀಳದಂತೆ ತಡೆಯಬಹುದು. ಎತ್ತರದ ಕಟ್ಟಡಗಳು ಮಾತ್ರ ಬೇರೆ ಲೆಕ್ಕ. ಹದಿನೈದು ಮಹಡಿ ಏರಬೇಕಾದಾಗ ಒಂದೇ ಹೆಗಲಿನ ಸುರುಳಿ ಬೆನ್ನನ್ನು ಒಂದು ಕಡೆಗೆ ವಾಲಿಸುತ್ತದೆ, ಅಲ್ಲಿ ಎರಡೂ ಬದಿಗೆ ಸಮನಾಗಿ ಕೂರುವ ಕಟ್ಟು ಬೇಕು.

ಹಗ್ಗದ ವಿಷಯ: 2005ರ ಜನವರಿ 23ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಬೆಂಕಿಗೆ ಸಿಕ್ಕಿದ ಆರು ಅಗ್ನಿಶಾಮಕರು ನಾಲ್ಕನೆಯ ಮಹಡಿಯ ಕಿಟಕಿಗಳಿಂದ ಜಿಗಿಯಬೇಕಾಯಿತು, ಇಬ್ಬರು ಆ ದಿನವೇ ತೀರಿಕೊಂಡರು. ಆ ಬಳಿಕ ಅಲ್ಲಿನ ದಳ ಪ್ರತಿಯೊಬ್ಬರಿಗೂ ಕಿಟಕಿಗೆ ಸಿಕ್ಕಿಸುವ ಕೊಕ್ಕೆ, ತೆಳುವಾದ ಹಗ್ಗ ಮತ್ತು ಇಳಿಯುವ ಸಾಧನದ ಕಟ್ಟನ್ನು ಕೊಟ್ಟಿತು. ವಿನ್ಯಾಸ ಮಾಡುವವರು ಇದರಲ್ಲಿ ನೋಡಬೇಕಾದದ್ದು, ಜೀವ ಉಳಿಸುವ ಪಟ್ಟಿಯನ್ನೂ ಸಾಮಾನು ಹೊರುವ ಪಟ್ಟಿಯನ್ನೂ ಒಂದೇ ಮಾಡಬಾರದೆಂಬುದನ್ನು. ಗಾಬರಿಯಲ್ಲಿ ಕೈಗೆ ಸಿಕ್ಕಿದ್ದಕ್ಕೆ ಕೊಕ್ಕೆ ಹಾಕುವ ಮನುಷ್ಯರಿಗೆ ಬಣ್ಣ, ಜಾಗ, ಮುಟ್ಟಿದಾಗಿನ ಸ್ಪರ್ಶ ಈ ಮೂರೂ ಬೇರೆಯಾಗಿರಬೇಕು.

ಪ್ರಶ್ನೆ: ನನ್ನ ಎತ್ತರ ಐದು ಅಡಿ ಎರಡು ಇಂಚು. ಅಗ್ನಿಶಾಮಕ ಸೇವೆಗೆ ಸೇರುವ ಆಸೆಯಿದೆ. ಇಂತಹ ಸಾಧನಗಳು ಹೆಣ್ಣುಮಕ್ಕಳಿಗೆ ಹೊಂದುತ್ತವೆಯೇ? — ಪದವಿ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಹೊಂದುವಂತೆ ಮಾಡಬೇಕಾದದ್ದು ತಯಾರಿಸುವವರ ಹೊಣೆ. ಬೆನ್ನಿನ ಉದ್ದ ಕಡಿಮೆಯಿದ್ದರೆ ಸೊಂಟಪಟ್ಟಿ ಮೂಳೆಯ ಮೇಲೆ ಕೂರದೆ ಕೆಳಗಿಳಿದು, ಇಡೀ ಭಾರ ಹೆಗಲಿಗೇ ಬೀಳುತ್ತದೆ. ಎದೆಯ ಮೇಲಿನ ಅಡ್ಡಪಟ್ಟಿಯನ್ನು ಮೇಲೆ ಕೆಳಗೆ ಸರಿಸಲು ಬಾರದಿದ್ದರೆ ಉಸಿರಾಟಕ್ಕೆ ಅಡ್ಡಿಯಾಗುತ್ತದೆ. ಬೆನ್ನಿನ ಉದ್ದಕ್ಕೆ ಹೊಂದಿಸಬಹುದಾದ ಬಿ.ಎ. ಸೆಟ್‌ಗಳು ಮಾರುಕಟ್ಟೆಯಲ್ಲಿವೆ, ಗಿಡ್ಡ ಗಂಡಸರಿಗೂ ಅವೇ ಬೇಕಾಗುತ್ತವೆ. ತರಬೇತಿಗೆ ಸೇರಿದ ದಿನವೇ ನಿಮ್ಮ ಅಳತೆಗೆ ಪಟ್ಟಿಗಳನ್ನು ಹೊಂದಿಸಿಕೊಡಲು ಕೇಳಿ, ಸಂಕೋಚ ಬೇಡ.

ಪ್ರಶ್ನೆ: ನಮ್ಮಲ್ಲಿ 260 ಡಿಗ್ರಿಯ ಪರೀಕ್ಷಾ ಒಲೆಯಾಗಲಿ, ದೊಡ್ಡ ಪ್ರಯೋಗಾಲಯವಾಗಲಿ ಇಲ್ಲ. ವಿದ್ಯಾರ್ಥಿಗಳು ಮಾಡಿದ ಮಾದರಿಯನ್ನು ಹೇಗೆ ಪರೀಕ್ಷಿಸುವುದು? — ಪಾಲಿಟೆಕ್ನಿಕ್ ಉಪನ್ಯಾಸಕರು, ಬೆಳಗಾವಿ

ಉತ್ತರ: ಶಾಖದ ಪರೀಕ್ಷೆಯನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೇ ಬಿಡಿ; ಅಲ್ಲಿಯವರೆಗೆ ಮಾದರಿಯನ್ನು ನಿಜವಾದ ಬೆಂಕಿಯ ಬಳಿಗೆ ಕೊಂಡೊಯ್ಯಬಾರದು. ಉಳಿದ ಬಹುಪಾಲನ್ನು ಕಾಲೇಜಿನ ಮೆಟ್ಟಿಲಿನಲ್ಲಿಯೇ ನೋಡಬಹುದು. ಬೆನ್ನಿಗೆ ಬಿ.ಎ. ಸೆಟ್‌ನಷ್ಟೇ ತೂಕದ, ಅಷ್ಟೇ ಗಾತ್ರದ ನಕಲಿ ಸಿಲಿಂಡರ್ ಕಟ್ಟಿ, ದಪ್ಪ ಕೋಟು, ಹೆಲ್ಮೆಟ್, ಕೈಗವಸು ತೊಡಿಸಿ, ಹೋಸಿನೊಡನೆ ನಾಲ್ಕು ಮಹಡಿ ಏರಿಸಿ. ಏರಿದವರ ನಾಡಿ ಬಡಿತವನ್ನು ಹೊರೆಯಿದ್ದಾಗ ಮತ್ತು ಇಲ್ಲದಾಗ ಎಣಿಸಿ ಬರೆದಿಟ್ಟುಕೊಳ್ಳಿ. ಏರುವವರ ಆರೋಗ್ಯವನ್ನು ಮೊದಲೇ ವೈದ್ಯರಿಂದ ಪರೀಕ್ಷಿಸಿರಬೇಕು, ಬೆಳಗ್ಗಿನ ತಂಪಿನಲ್ಲಿ ಮಾತ್ರ ಮಾಡಬೇಕು. ಆಮೇಲೆ ಕಣ್ಣಿಗೆ ಬಟ್ಟೆ ಕಟ್ಟಿ, ಗವಸು ತೊಟ್ಟ ಕೈಯಿಂದ ಕಳಚುವ ಪಟ್ಟಿಯನ್ನು ಹುಡುಕಿ ಎಳೆಯಲು ಹೇಳಿ, ಎಷ್ಟು ಸೆಕೆಂಡು ಹಿಡಿಯಿತೆಂದು ನೋಡಿ. ನಿಂತು, ಮಂಡಿಯೂರಿ, ಬೋರಲು ಮಲಗಿ, ಮೂರೂ ಭಂಗಿಯಲ್ಲಿ ಕಳಚಬೇಕು. ಎಡಗೈಯಲ್ಲೂ ಬರಬೇಕು, ಏಕೆಂದರೆ ಬಲಗೈ ಪೆಟ್ಟಾಗಿರಬಹುದು. ಆಕಸ್ಮಿಕವಾಗಿ ಕಳಚಿಕೊಳ್ಳುವುದೂ ದೋಷವೇ. ಮೆಟ್ಟಿಲಿನ ಕಟಕಟೆಗೆ ಉಜ್ಜಿಕೊಂಡು ಹೋದಾಗ ಪಟ್ಟಿ ತಾನಾಗಿ ಬಿಚ್ಚಿದರೆ ಹತ್ತು ಕಿಲೋದ ಸುರುಳಿ ಹಿಂದೆ ಬರುವವರ ಮೇಲೆ ಉರುಳುತ್ತದೆ.

ಮೇಜುಗಳ ನಡುವೆ ಹಗ್ಗ, ಹಳೆಯ ಕೇಬಲ್‌ಗಳನ್ನು ಜೋತುಬಿಟ್ಟು ಅದರೊಳಗೆ ತೆವಳಿಸಿ, ಎಲ್ಲೆಲ್ಲಿ ಸಿಕ್ಕಿಕೊಂಡಿತೆಂದು ಸುಣ್ಣದ ಕಡ್ಡಿಯಿಂದ ಗುರುತು ಹಾಕಿ. ಇಡೀ ಸಾಧನವನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ ಬೆಳಗ್ಗೆ ಇವನ್ನೆಲ್ಲ ಮತ್ತೆ ಮಾಡಿಸಿ. ಒದ್ದೆಯಾದ ನೈಲಾನ್ ಪಟ್ಟಿ ಬಕಲಿನಲ್ಲಿ ಜಾರುತ್ತದೆಯೇ ಬಿಗಿಯುತ್ತದೆಯೇ ಎಂಬುದು ಒಣಗಿದ್ದಾಗ ಗೊತ್ತಾಗುವುದಿಲ್ಲ. ಮಾಡಿ ನೋಡುವವರಲ್ಲಿ ನಿಮ್ಮ ವಿದ್ಯಾರ್ಥಿಗಳಷ್ಟೇ ಇದ್ದರೆ ಸಾಲದು, ಸಮೀಪದ ಠಾಣೆಯ ಅಧಿಕಾರಿಯನ್ನು ಕೇಳಿಕೊಂಡು ಸೇವೆಯಲ್ಲಿರುವ ಒಬ್ಬರಿಗಾದರೂ ತೊಡಿಸಿ. ಅವರು ಮೊದಲ ಬಾರಿಗೆ ತೊಟ್ಟಾಗ ನೀವು ಏನನ್ನೂ ವಿವರಿಸಬೇಡಿ. ಕೈ ಮೊದಲು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಗುರುತು ಮಾಡಿಕೊಂಡು, ಕಳಚುವ ಪಟ್ಟಿಯನ್ನು ಅಲ್ಲಿಗೆ ಸ್ಥಳಾಂತರಿಸಿ.